ರಸಾಯನಶಾಸ್ತ್ರದ ಬಾಗಿಲಲ್ಲಿ ನಿಂತ ಕಮಲಾ ಸೊಹೊನಿ

ಪ್ರತಿವರ್ಷ ಬಿ.ಎಸ್ಸಿ. ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂದಾಗ ನಮ್ಮ ಬೀದರ್ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಒಂದೇ ಚರ್ಚೆ ನಡೆಯುತ್ತದೆ. ಮಗಳು ರಸಾಯನಶಾಸ್ತ್ರದಲ್ಲಿ ಒಳ್ಳೆಯ ಅಂಕ ಪಡೆದಿದ್ದಾಳೆ. ಎಂ.ಎಸ್ಸಿ.ಗೆ ಕಳಿಸಬೇಕೆ, ಬಿ.ಇಡಿ. ಮಾಡಿಸಿದರೆ ಸಾಕೆ, ಇಲ್ಲವೇ ಒಳ್ಳೆಯ ಸಂಬಂಧ ಬಂದಿರುವಾಗ ನಿಕಾಹ್ ಮುಗಿಸಿಬಿಡಬೇಕೆ? ಅಷ್ಟೂರದ ಹುಡುಗಿಗೆ ಬೀದರ್ ನಗರದ ಕಾಲೇಜು ದೂರವೇನಲ್ಲ. ಚೌಖಂಡಿಯ ದಾರಿ ಹಿಡಿದರೆ ಕೆಲವೇ ನಿಮಿಷಗಳಲ್ಲಿ ನಗರ. ಮೂರು ವರ್ಷ ಹೋಗಿ ಬಂದದ್ದು ಯಾರಿಗೂ ಭಾರವಾಗಲಿಲ್ಲ. ಆದರೆ ಎಂ.ಎಸ್ಸಿ. ಎಂದೊಡನೆ ಕಲಬುರಗಿ, ಹೈದರಾಬಾದ್, ಬೆಂಗಳೂರು ಎಂಬ ಹೆಸರುಗಳು ಬರುತ್ತವೆ. ಹಾಸ್ಟೆಲ್ ಬರುತ್ತದೆ. ಸಂಜೆ ಕಳೆದರೂ ಮುಗಿಯದ ಲ್ಯಾಬ್ ಬರುತ್ತದೆ. ಅಬ್ಬಾ ಸುಮ್ಮನಾಗುತ್ತಾರೆ, ಅಮ್ಮಿ ಅಡುಗೆಮನೆಗೆ ಹೋಗುತ್ತಾರೆ. ಅರ್ಜಿ ಹಾಕುವ ಕೊನೆಯ ದಿನಾಂಕ ಕಳೆದುಹೋಗುತ್ತದೆ. ಬೇಡವೆಂದು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ, ಆದರೂ ತೀರ್ಮಾನ ಆಗಿಹೋಗಿರುತ್ತದೆ.

ಇಂಥ ಮನೆಗಳಿಗಾಗಿಯೇ ಈ ಸಂಚಿಕೆಗೆ ಕಮಲಾ ಸೊಹೊನಿ ಅವರ ಜೀವನವನ್ನು ಆರಿಸಿಕೊಂಡಿದ್ದೇನೆ. ಜಾಬಿರ್ ಬಿನ್ ಹಯ್ಯಾನ್, ಇಬ್ನ್ ಸೀನಾ ಮುಂತಾದ ಮಹನೀಯರ ಬಗ್ಗೆ ನಾವು ಸಾಕಷ್ಟು ಓದಿದ್ದೇವೆ, ಹೆಮ್ಮೆಪಟ್ಟಿದ್ದೇವೆ. ಮುಸ್ಲಿಮರಲ್ಲದ ಒಬ್ಬ ಮರಾಠಿ ಮಹಿಳೆಯ ಕಥೆ ಇಲ್ಲೇಕೆ ಎಂದು ಯಾರಾದರೂ ಕೇಳಿದರೆ ಉತ್ತರ ಸರಳ. ಪದವಿ ಮುಗಿಸಿದ ಮೇಲೆ ರಸಾಯನಶಾಸ್ತ್ರವನ್ನು ಮುಂದುವರಿಸಬೇಕೇ ಎಂಬ ಪ್ರಶ್ನೆಯನ್ನು ಅವರು ನಮ್ಮ ಕರ್ನಾಟಕದ ನೆಲದಲ್ಲೇ, ಬೆಂಗಳೂರಿನಲ್ಲೇ, ಎದುರಿಸಿದರು. ಅವರನ್ನು ತಡೆದವರು ಮನೆಯವರಲ್ಲ. ದೇಶದ ಅತಿ ದೊಡ್ಡ ವಿಜ್ಞಾನಿ.

ಕಮಲಾ ಭಾಗವತ್ ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ತಂದೆ ನಾರಾಯಣರಾವ್ ಭಾಗವತ್ ಮತ್ತು ಚಿಕ್ಕಪ್ಪ ಮಾಧವರಾವ್ ಭಾಗವತ್ ಇಬ್ಬರೂ ರಸಾಯನಶಾಸ್ತ್ರಜ್ಞರು. ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತವರು. ಜಮ್‌ಶೇಟ್‌ಜಿ ಟಾಟಾ ಅವರ ಕನಸಾದ ಆ ಸಂಸ್ಥೆ ಮೈಸೂರು ಸಂಸ್ಥಾನ ಕೊಟ್ಟ ಜಾಗದಲ್ಲಿ 1909ರಲ್ಲಿ ಸ್ಥಾಪನೆಯಾಗಿ, 1911ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತ್ತು. ನಮ್ಮ ಹಿರಿಯರು ಇಂದಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಕಮಲಾ ಅವರ ಅಕ್ಕ ದುರ್ಗಾ ಭಾಗವತ್ ಮುಂದೆ ಮರಾಠಿಯ ಹೆಸರಾಂತ ಲೇಖಕಿಯಾದರು. ತುರ್ತು ಪರಿಸ್ಥಿತಿಯನ್ನು ಧೈರ್ಯವಾಗಿ ವಿರೋಧಿಸಿ ಜೈಲಿಗೂ ಹೋದರು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ತಲೆಬಾಗದವರು. ಮನೆಯ ವಾತಾವರಣ ಎಂಥದ್ದಿರಬೇಕೆಂದು ಓದುಗರೇ ಊಹಿಸಿಕೊಳ್ಳಬಹುದು.

ಕಮಲಾ ಮುಂಬಯಿ ವಿಶ್ವವಿದ್ಯಾಲಯದಿಂದ 1933ರಲ್ಲಿ ಬಿ.ಎಸ್ಸಿ. ಪದವಿ ಪಡೆದರು. ರಸಾಯನಶಾಸ್ತ್ರ ಮುಖ್ಯ ವಿಷಯ, ಭೌತಶಾಸ್ತ್ರ ಉಪವಿಷಯ. ಅರ್ಹತಾ ಪಟ್ಟಿಯಲ್ಲಿ ಅವರ ಹೆಸರೇ ಮೇಲಿತ್ತು. ಆ ಕಾಲದಲ್ಲಿ ಹುಡುಗಿಯೊಬ್ಬಳು ವಿಜ್ಞಾನದ ಪದವೀಧರೆ ಎನಿಸಿಕೊಳ್ಳುವುದೇ ದೊಡ್ಡ ಸಂಗತಿ. ಅಲ್ಲಿಗೆ ನಿಲ್ಲಿಸಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ನಿಲ್ಲಿಸಲಿಲ್ಲ. ತಂದೆ ಕಲಿತ ಸಂಸ್ಥೆಯಲ್ಲೇ ಸಂಶೋಧನೆ ಮಾಡಬೇಕೆಂದು ಬೆಂಗಳೂರಿಗೆ ಅರ್ಜಿ ಹಾಕಿದರು.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನೀಟ್ ತರಬೇತಿಯಿಂದಾಗಿ ಇಂದು ಬೀದರಿನ ಹೆಸರು ದೂರದೂರಕ್ಕೆ ಹೋಗಿದೆ, ಸಂತೋಷದ ವಿಷಯವೇ. ಆದರೆ ಎಂ.ಬಿ.ಬಿ.ಎಸ್. ಸೀಟು ಸಿಗದ ಮಗುವಿಗೆ ಬಿ.ಎಸ್ಸಿ. ಎಂದರೆ ಸೋಲಿನ ಗುರುತು ಎಂಬ ಭಾವನೆಯೂ ಅದರ ಜೊತೆಗೇ ಬೆಳೆದಿದೆ. ಸಲೀಮುಝ್ಝಮಾನ್ ಸಿದ್ದೀಖಿ ಅವರ ಹೆಸರು ಕೇಳಿದವರಿಗೆ ಇದು ವಿಚಿತ್ರವೆನಿಸದೆ ಇರದು. ಅಲೀಗಢದಲ್ಲಿ ತತ್ವಶಾಸ್ತ್ರ ಮತ್ತು ಪಾರ್ಸಿ ಓದಿ 1919ರಲ್ಲಿ ಪದವೀಧರರಾದ ಅವರು 1920ರಲ್ಲಿ ವೈದ್ಯಕೀಯ ಕಲಿಯಲು ಲಂಡನ್ನಿಗೆ ಹೋದರು. ಮರುವರ್ಷವೇ ಅದನ್ನು ಬಿಟ್ಟು, ಜರ್ಮನಿಯ ಫ್ರಾಂಕ್‌ಫರ್ಟ್ ಸೇರಿ ರಸಾಯನಶಾಸ್ತ್ರ ಹಿಡಿದರು. 1927ರಲ್ಲಿ ಡಾಕ್ಟರೇಟ್ ಪಡೆದು ದೆಹಲಿಗೆ ಮರಳಿ, 1931ರಲ್ಲಿ ಸರ್ಪಗಂಧ ಬೇರಿನಿಂದ ಹೃದಯಕ್ಕೆ ಸಂಬಂಧಿಸಿದ ಒಂದು ಔಷಧ ದ್ರವ್ಯವನ್ನು ಬೇರ್ಪಡಿಸಿ, ಗುರುಸಮಾನರಾದ ಹಕೀಮ್ ಅಜ್ಮಲ್ ಖಾನ್ ಅವರ ನೆನಪಿಗೆ ಅದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು. ವೈದ್ಯಕೀಯ ಬಿಟ್ಟು ರಸಾಯನಶಾಸ್ತ್ರಕ್ಕೆ ಬಂದವರು ಇವರು. ಕಮಲಾ ಅವರಿಗಂತೂ ಮೊದಲಿನಿಂದಲೂ ರಸಾಯನಶಾಸ್ತ್ರವೇ ಮೊದಲ ಆಯ್ಕೆ.

ಬೆಂಗಳೂರಿನಿಂದ ಬಂದ ಉತ್ತರ: ಸೇರಿಸಿಕೊಳ್ಳಲಾಗುವುದಿಲ್ಲ. ಅಂಕ ಕಡಿಮೆಯಾಗಿತ್ತೆಂದಲ್ಲ, ಅರ್ಜಿದಾರರು ಹೆಣ್ಣು ಎಂಬ ಕಾರಣಕ್ಕೆ. ಸಂಸ್ಥೆಯ ನಿರ್ದೇಶಕರು ಸರ್ ಸಿ.ವಿ. ರಾಮನ್. 1930ರಲ್ಲಿ ನೊಬೆಲ್ ಪ್ರಶಸ್ತಿ ಪಡೆದು, 1933ರಲ್ಲಿ ಆ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದಿದ್ದರು. ಇಡೀ ದೇಶ ಅವರನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದ ಕಾಲ. ಸಂಶೋಧನೆಗೆ ಮಹಿಳೆಯರು ತಕ್ಕವರಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ತಂದೆ, ಚಿಕ್ಕಪ್ಪ ಕೇಳಿಕೊಂಡರೂ ಪ್ರಯೋಜನವಾಗಲಿಲ್ಲ.

ಇಂಥ ವ್ಯಕ್ತಿಯ ಮಾತಿಗೆ ಎದುರಾಡುವುದೆಂದರೆ ಇಪ್ಪತ್ತೆರಡು ವರ್ಷದ ಹುಡುಗಿಗೆ ಹುಡುಗಾಟವೇ? ಆದರೂ ಕಮಲಾ ಮುಂಬಯಿಯಿಂದ ಬೆಂಗಳೂರಿಗೆ ಹೋಗಿ ರಾಮನ್ ಅವರೆದುರೇ ನಿಂತರು. ನಿರಾಕರಣೆಗೆ ಕಾರಣ ಕೇಳಿದರು, ಹಿಂದೆ ಸರಿಯಲು ಒಪ್ಪಲಿಲ್ಲ. ಗಾಂಧೀಜಿಯ ಪ್ರಭಾವ ಮನೆಮನೆಯಲ್ಲಿದ್ದ ದಿನಗಳವು. ನಿರ್ದೇಶಕರ ಕಚೇರಿಯ ಮುಂದೆ ಅವರು ಪಟ್ಟುಹಿಡಿದದ್ದನ್ನು ಸತ್ಯಾಗ್ರಹವೆಂದೇ ಅವರ ಜೀವನ ಬರೆದವರು ಬಣ್ಣಿಸಿದ್ದಾರೆ. ಕೊನೆಗೆ ರಾಮನ್ ಸೇರಿಸಿಕೊಂಡರು, ಆದರೆ ಷರತ್ತುಗಳ ಮೇಲೆ. ಮೊದಲ ವರ್ಷ ಪರೀಕ್ಷಾರ್ಥವಾಗಿ ಮಾತ್ರ. ಕಾಯಂ ವಿದ್ಯಾರ್ಥಿನಿ ಎಂಬ ಮಾನ್ಯತೆ ಇಲ್ಲ. ಕೆಲಸದ ಗುಣಮಟ್ಟ ತಮಗೆ ಒಪ್ಪಿಗೆಯಾಗುವವರೆಗೆ ಅದಕ್ಕೆ ಅಧಿಕೃತ ಮನ್ನಣೆ ಇಲ್ಲ. ಮಾರ್ಗದರ್ಶಕರು ಹೇಳಿದಂತೆ ತಡರಾತ್ರಿಯವರೆಗೂ ಕೆಲಸ ಮಾಡಬೇಕು. ಪ್ರಯೋಗಾಲಯದ ವಾತಾವರಣ ಕೆಡಿಸಬಾರದು.

ಈ ಕೊನೆಯ ಷರತ್ತನ್ನು ಓದುವಾಗ ಇಂದಿಗೂ ಮೈ ಉರಿಯುತ್ತದೆ. ಒಂದು ಹುಡುಗಿ ಗಾಜಿನ ನಳಿಕೆ ಹಿಡಿದು ನಿಂತರೆ ವಾತಾವರಣ ಕೆಡುತ್ತದಂತೆ! ಕಮಲಾ ಅವಮಾನವನ್ನು ನುಂಗಿಕೊಂಡರು, ಷರತ್ತುಗಳನ್ನು ಒಪ್ಪಿಕೊಂಡರು. ಒಪ್ಪಬಾರದಿತ್ತು ಎನ್ನುವವರೂ ಇದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಅವರು ಬೆಂಗಳೂರಿಗೆ ಬಂದದ್ದು ವಾದದಲ್ಲಿ ಗೆಲ್ಲಲು ಅಲ್ಲ, ಕಲಿಯಲು. ಬಾಗಿಲು ಒಂದು ಗೇಣು ತೆರೆದಿತ್ತು, ಅಷ್ಟರಲ್ಲೇ ಒಳಗೆ ಹೋದರು. ಆದರೆ ಇದನ್ನೇ ಮಾದರಿ ಎಂದು ನಮ್ಮ ಹೆಣ್ಣುಮಕ್ಕಳಿಗೆ ಹೇಳುವುದು ಸರಿಯಲ್ಲ. ಓದಲು ಅನುಮತಿ ಕೊಟ್ಟು, ಹುಡುಗನಿಗೆ ಹಾಕದ ಹತ್ತು ಷರತ್ತುಗಳನ್ನು ಹುಡುಗಿಗೆ ಹಾಕುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಇಲ್ಮ್ ಗಳಿಸುವುದು ಗಂಡಿಗೂ ಹೆಣ್ಣಿಗೂ ಫರ್ಜ್ ಎಂದು ನಾವು ಪ್ರತಿ ಜಲ್ಸಾದಲ್ಲಿ ವೇದಿಕೆಯಿಂದ ಸಾರುತ್ತೇವೆ. ವೇದಿಕೆ ಇಳಿದು ಮನೆಗೆ ಬಂದ ಮೇಲೆ ಆ ಫರ್ಜ್ ಬಿ.ಎಸ್ಸಿ.ಗೇ ಮುಗಿದಂತೆ ವರ್ತಿಸುತ್ತೇವೆ.

ಕಮಲಾ ಅವರಿಗೆ ಮಾರ್ಗದರ್ಶಕರಾಗಿ ಸಿಕ್ಕವರು ಎಂ. ಶ್ರೀನಿವಾಸಯ್ಯ. ಕಟ್ಟುನಿಟ್ಟಿನ ಮನುಷ್ಯ, ಕಲಿಯುವ ಆಸೆಯಿದ್ದವರಿಗೆ ಮಾತ್ರ ಒಲಿಯುವ ಗುರು. ಅವರ ಕೈಕೆಳಗೆ ಕಮಲಾ ಜೀವರಸಾಯನಶಾಸ್ತ್ರದತ್ತ ತಿರುಗಿದರು. ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳು ಅವರ ಸಂಶೋಧನೆಯ ವಿಷಯವಾದವು. ಮಾಂಸ ಕೊಳ್ಳುವ ಶಕ್ತಿಯಿಲ್ಲದ, ಅಥವಾ ಮಾಂಸವನ್ನೇ ತಿನ್ನದ ಕೋಟ್ಯಂತರ ಜನರಿಗೆ ದೇಹ ಕಟ್ಟುವ ಸತ್ವ ಬೇಳೆಯಿಂದಲೇ ಬರಬೇಕು. ಆ ಸತ್ವ ಯಾವುದು, ಯಾವ ಕಾಳಿನಲ್ಲಿ ಎಂಥದ್ದಿದೆ ಎಂಬುದನ್ನು ಅಂದು ನಮ್ಮ ದೇಶದಲ್ಲಿ ಪ್ರಯೋಗಾಲಯಕ್ಕೆ ತಂದು ನೋಡಿದವರು ಬಹಳ ಕಡಿಮೆ.

ಬೀದರ್ ಜಿಲ್ಲೆಯವರಿಗೆ ಈ ವಿಷಯದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾಲ್ಕಿ, ಔರಾದ್ ಕಡೆಯ ಕಪ್ಪು ಮಣ್ಣಿನಲ್ಲಿ ಉದ್ದು, ಹೆಸರು, ತೊಗರಿ, ಕಡಲೆ ಬೆಳೆದೇ ನಮ್ಮ ರೈತರು ಬದುಕಿದ್ದಾರೆ. ನಮ್ಮ ಮನೆಗಳ ಖಟ್ಟಿ ದಾಲ್, ದಾಲ್ಚಾ, ಖಿಚಡಿ ಎಲ್ಲವೂ ಆ ಕಾಳುಗಳಿಂದಲೇ. ಕಾಳು ಬಿತ್ತುವುದು, ಒಕ್ಕುವುದು, ಮಾರುಕಟ್ಟೆಗೆ ಒಯ್ಯುವುದು ನಮಗೆ ಗೊತ್ತು. ಅದರೊಳಗೆ ಏನಿದೆ ಎಂದು ಕೇಳಿ ಉತ್ತರ ಹುಡುಕಿದವರು ಮಾತ್ರ ಬೇರೆ ಊರಿನವರು.

ಬಿದ್ರಿ ಕಲೆಯ ವಿಷಯವೂ ಹಾಗೆಯೇ. ಸತು ಹೆಚ್ಚು, ತಾಮ್ರ ಕಡಿಮೆ ಇರುವ ಮಿಶ್ರಲೋಹಕ್ಕೆ ಬೆಳ್ಳಿ ಕೂಡಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿದ ದ್ರಾವಣ ತಗುಲಿಸಿದರೆ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುತ್ತದೆ. ಯಾವ ಮಣ್ಣು ಕೆಲಸಕ್ಕೆ ಬರುತ್ತದೆಂದು ಉಸ್ತಾದರು ನಾಲಿಗೆಗೆ ಹಚ್ಚಿ ರುಚಿ ನೋಡಿ ಹೇಳುತ್ತಾರೆ. ಇದು ಶುದ್ಧ ರಸಾಯನಶಾಸ್ತ್ರ. ಅಷ್ಟೂರದಲ್ಲಿ 1436ರಲ್ಲಿ ತೀರಿಕೊಂಡ ಅಹ್ಮದ್ ಷಾ ವಲಿ ಬಹಮನಿಯ ಗುಮ್ಮಟದೊಳಗೆ ತಲೆಯೆತ್ತಿ ನೋಡಿದವರಿಗೆ ಆ ಬಣ್ಣಗಳು ಆರು ಶತಮಾನದ ಬಳಿಕವೂ ಹೇಗೆ ಉಳಿದವು ಎಂಬ ಪ್ರಶ್ನೆ ಬರಬೇಕು, ಅದೂ ರಸಾಯನಶಾಸ್ತ್ರವೇ. ಬಿದ್ರಿ ಪಾತ್ರೆಗಳ ಲೋಹವನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ತಜ್ಞರು 1980ರ ದಶಕದಲ್ಲಿ ಪರೀಕ್ಷಿಸಿ ಬರೆದಿದ್ದಾರೆ. ಬಿ.ಎಸ್ಸಿ.ಯ ಮೂರು ವರ್ಷದಲ್ಲಿ ಇತರರು ಕಂಡುಹಿಡಿದದ್ದನ್ನು ಕಲಿಯುತ್ತೇವೆ. ಉಪ್ಪಿನ ಪರೀಕ್ಷೆ, ಟೈಟ್ರೇಷನ್ ಮಾಡಿ ಪುಸ್ತಕದ ಉತ್ತರಕ್ಕೆ ಹೊಂದಿಸುತ್ತೇವೆ. ಉತ್ತರವಿಲ್ಲದ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವ ವಿದ್ಯೆ ಅದರ ಮುಂದಿನ ಮೆಟ್ಟಿಲಿನದು. ಕೋಟೆಯ ಮಣ್ಣನ್ನು ಪರೀಕ್ಷಿಸಬಲ್ಲ ಹುಡುಗಿ ಬೀದರಿನಲ್ಲೇ ಇದ್ದಾಳು, ಮೆಟ್ಟಿಲು ಹತ್ತಲು ಬಿಟ್ಟರೆ.

ಕಮಲಾ ಆ ಮೆಟ್ಟಿಲನ್ನು ಹತ್ತಿದರು. ಒಂದು ವರ್ಷ ಕಳೆದಾಗ ರಾಮನ್ ಅವರಿಗೆ ತಪ್ಪು ಹುಡುಕಲು ಏನೂ ಉಳಿದಿರಲಿಲ್ಲ. ಕಮಲಾ ಅವರನ್ನು ಕಾಯಂ ಮಾಡಿದರು. ಅಷ್ಟೇ ಅಲ್ಲ, ಅಲ್ಲಿಂದ ಮುಂದೆ ಮಹಿಳೆಯರನ್ನೂ ಸಂಸ್ಥೆಗೆ ಸೇರಿಸಿಕೊಳ್ಳಲು ಒಪ್ಪಿದರು. ಬೇಳೆಕಾಳಿನ ಪ್ರೋಟೀನುಗಳ ಮೇಲಿನ ಪ್ರಬಂಧಕ್ಕೆ ಮುಂಬಯಿ ವಿಶ್ವವಿದ್ಯಾಲಯ 1936ರಲ್ಲಿ ಕಮಲಾ ಅವರಿಗೆ ಎಂ.ಎಸ್ಸಿ. ಪದವಿ ನೀಡಿತು. ಎಷ್ಟೋ ವರ್ಷಗಳ ನಂತರ ಅವರು ರಾಮನ್ ಅವರ ವಿಜ್ಞಾನವನ್ನು ದೊಡ್ಡದೆಂದೇ ಒಪ್ಪಿಕೊಂಡರು, ಆದರೆ ಹೆಣ್ಣೆಂಬ ಕಾರಣಕ್ಕೆ ತಮ್ಮನ್ನು ನಡೆಸಿಕೊಂಡ ರೀತಿಯನ್ನು ಮರೆಯಲಾಗಲಿಲ್ಲವೆಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಗಾಯ ಆರಿರಲಿಲ್ಲ.

ಅವರು ತೆರೆದ ಬಾಗಿಲಿನಿಂದ ಬಂದವರಲ್ಲಿ ಅನ್ನಾ ಮಣಿ ಒಬ್ಬರು. ಮದರಾಸಿನಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ ಆನರ್ಸ್ ಪದವಿ ಪಡೆದು 1940ರಲ್ಲಿ ಬೆಂಗಳೂರಿಗೆ ಬಂದು, ರಾಮನ್ ಅವರ ಪ್ರಯೋಗಾಲಯದಲ್ಲೇ ವಜ್ರ ಮತ್ತು ಮಾಣಿಕ್ಯಗಳ ಮೇಲೆ ಕೆಲಸ ಮಾಡಿದರು. ಐದು ಸಂಶೋಧನಾ ಲೇಖನಗಳು ಪ್ರಕಟವಾದವು. ಆದರೂ ಮದರಾಸು ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಡಲಿಲ್ಲ, ಎಂ.ಎಸ್ಸಿ. ಪದವಿ ಇಲ್ಲವೆಂಬುದೇ ಕಾರಣ. ಅನ್ನಾ ಮಣಿ ಮುಂದೆ ಹವಾಮಾನ ಉಪಕರಣಗಳ ಕ್ಷೇತ್ರದಲ್ಲಿ ಮಹತ್ವದ ಕೆಲಸ ಮಾಡಿ ಹೆಸರು ಗಳಿಸಿದರು ನಿಜ. ಆದರೆ ಕೆಲಸ ಬಂದರೆ ಸಾಕು, ಸರ್ಟಿಫಿಕೇಟ್ ಯಾಕೆ ಎನ್ನುವ ತಂದೆಯರು ಈ ಪ್ರಸಂಗವನ್ನು ಗಮನಿಸಬೇಕು. ಮಧ್ಯದ ಒಂದು ಮೆಟ್ಟಿಲು ಬಿಟ್ಟುಹೋದರೆ ಮೇಲಿನದಕ್ಕೆ ಕಾಲಿಡಲು ಬಿಡುವುದಿಲ್ಲ. ಆ ನಿಯಮ ಸರಿಯೋ ತಪ್ಪೋ ಬೇರೆ ಮಾತು.

ಕಮಲಾ ಅವರ ಬಳಿ ಆ ಮೆಟ್ಟಿಲಿತ್ತು. 1937ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಹೋಗುವ ಅವಕಾಶ ದೊರೆಯಿತು. ಅಲ್ಲಿ ಸೇರಿದ್ದು ನ್ಯೂನಮ್ ಕಾಲೇಜು, ಮಹಿಳೆಯರಿಗಾಗಿಯೇ ಇದ್ದ ಕಾಲೇಜು. ಪ್ರಯೋಗಾಲಯದ ಹಿರಿಯರು ಜೀವಸತ್ವಗಳ ಸಂಶೋಧನೆಗಾಗಿ 1929ರಲ್ಲಿ ನೊಬೆಲ್ ಪಡೆದ ಫ್ರೆಡೆರಿಕ್ ಹಾಪ್ಕಿನ್ಸ್. ಕಮಲಾ ಮೊದಲು ಡೆರೆಕ್ ರಿಕ್ಟರ್ ಅವರ ಜೊತೆ ಕೆಲಸ ಮಾಡಿದರು. ಅವರು ಬೇರೆ ಕಡೆ ಹೋದ ಮೇಲೆ ಸಸ್ಯಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ರಾಬಿನ್ ಹಿಲ್ ಅವರ ಬಳಿ ಮುಂದುವರಿದರು.

ಅವರ ಕೈಗೆ ಬಂದದ್ದು ಆಲೂಗಡ್ಡೆ. ಅದರ ಮೇಲೆ ಕೆಲಸ ಮಾಡುತ್ತ ಅವರು ಸೈಟೋಕ್ರೋಮ್ ಸಿ ಎಂಬ ವಸ್ತುವನ್ನು ಕಂಡರು. ಇದೊಂದು ಸಣ್ಣ ಪ್ರೋಟೀನ್, ಕಬ್ಬಿಣದ ಅಂಶವಿರುವಂಥದ್ದು. ನಾವು ಉಸಿರಾಡಿದ ಆಮ್ಲಜನಕವನ್ನು ಜೀವಕೋಶ ಬಳಸಿಕೊಂಡು ಶಕ್ತಿ ಪಡೆಯುವಾಗ ಎಲೆಕ್ಟ್ರಾನುಗಳನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವ ಕೆಲಸ ಇದರದು. ಪ್ರಾಣಿಗಳ ಜೀವಕೋಶಗಳಲ್ಲಿ ಇದು ಇದೆಯೆಂದು ಗೊತ್ತಿತ್ತು. ಸಸ್ಯಗಳ ಜೀವಕೋಶಗಳ ಉಸಿರಾಟದಲ್ಲೂ ಇದರ ಪಾತ್ರವಿದೆ ಎಂದು ಕಮಲಾ ತೋರಿಸಿದರು. ಗಿಡವೂ ನಾವೂ ಒಂದೇ ಬಗೆಯಲ್ಲಿ ಉಸಿರಾಡುತ್ತೇವೆ ಎಂಬುದು ಆಲೂಗಡ್ಡೆಯೊಳಗೆ ಅಡಗಿತ್ತು. ಸೃಷ್ಟಿಕರ್ತನ ಕುದ್ರತ್ ಎಂಥದ್ದು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಅವರ ಪ್ರಬಂಧ ಕೇವಲ 40 ಪುಟಗಳದ್ದು. ಹೇಳಬೇಕಾದ್ದು ಇದ್ದರೆ ಅಷ್ಟು ಸಾಕು. ಕೇಂಬ್ರಿಜ್ ತಲುಪಿ ಎರಡು ವರ್ಷ ತುಂಬುವ ಮೊದಲೇ ಸಂಶೋಧನೆ ಮುಗಿಸಿ, 1939ರಲ್ಲಿ ಪಿಎಚ್.ಡಿ. ಪಡೆದರು. ವಿಜ್ಞಾನದಲ್ಲಿ ಈ ಪದವಿ ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಗುರುತಿಸಲಾಗುತ್ತದೆ. ಆ ಕೇಂಬ್ರಿಜ್‌ನಲ್ಲೂ ಮಹಿಳೆಯರಿಗೆ ಪುರುಷರ ಸರಿಸಮಾನವಾದ ಪೂರ್ಣ ಪದವಿ ಸಿಗಲು ಆರಂಭವಾದದ್ದು 1948ರಲ್ಲಿ ಎಂಬುದು ಇಲ್ಲಿ ನೆನಪಿರಲಿ. ಹೆಣ್ಣುಮಕ್ಕಳ ಓದಿಗೆ ಅಡ್ಡಿ ನಮ್ಮ ದೇಶದಲ್ಲಿ ಮಾತ್ರ, ನಮ್ಮ ಕೌಮಿನಲ್ಲಿ ಮಾತ್ರ ಎಂದು ಹೇಳುವವರು ಇತಿಹಾಸ ಓದಿಲ್ಲ.

ಇಂಗ್ಲೆಂಡಿನಲ್ಲಿ ಉಳಿಯಬಹುದಿತ್ತು. ಸ್ವಾತಂತ್ರ್ಯ ಚಳವಳಿಯ ಸೆಳೆತವಿದ್ದ ಕಮಲಾ 1939ರಲ್ಲಿ ತಾಯ್ನಾಡಿಗೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಹೊಸದಾಗಿ ಆರಂಭವಾದ ಜೀವರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಆಮೇಲೆ ನೀಲಗಿರಿಯ ಕೂನೂರಿನಲ್ಲಿದ್ದ ಪೌಷ್ಟಿಕಾಂಶ ಸಂಶೋಧನಾಲಯದಲ್ಲಿ ಸಹಾಯಕ ನಿರ್ದೇಶಕಿಯಾಗಿ ಜೀವಸತ್ವಗಳ ಮೇಲೆ ಕೆಲಸ ಮಾಡಿದರು. ಅಲ್ಲಿ ಮೇಲೇರುವ ದಾರಿ ತಮಗೆ ಮುಚ್ಚಿದೆ ಎಂದು ಕಂಡಾಗ ರಾಜೀನಾಮೆ ಕೊಟ್ಟರು. 1947ರಲ್ಲಿ ವಿಮಾ ಲೆಕ್ಕಾಚಾರದ ತಜ್ಞರಾದ ಎಂ.ವಿ. ಸೊಹೊನಿ ಅವರನ್ನು ಮದುವೆಯಾಗಿ ಮುಂಬಯಿಗೆ ಬಂದರು. ಮದುವೆಯಾದಾಗ ವಯಸ್ಸು ಮೂವತ್ತೈದು ದಾಟಿತ್ತು. ಓದಿದರೆ ಸಂಬಂಧ ಸಿಗುವುದಿಲ್ಲ ಎಂಬ ಭಯ ನಮ್ಮ ತಾಯಂದಿರದು. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಮಲಾ ಅವರ ವಿಷಯದಲ್ಲಿ ತಡವಾಯಿತು, ಆದರೆ ಸಂಸಾರವೂ ಆಯಿತು, ಕೆಲಸವೂ ನಿಲ್ಲಲಿಲ್ಲ.

ಮುಂಬಯಿಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕಿಯಾದರು. ಬೆಂಗಳೂರಿನಲ್ಲಿ ಹಿಡಿದ ಬೇಳೆಕಾಳನ್ನು ಅಲ್ಲಿ ಮತ್ತೆ ಕೈಗೆತ್ತಿಕೊಂಡರು. ನಾವು ತಿಂದ ಪ್ರೋಟೀನನ್ನು ಹೊಟ್ಟೆಯಲ್ಲಿ ಒಡೆಯುವುದು ಟ್ರಿಪ್ಸಿನ್ ಎಂಬ ಕಿಣ್ವ. ಹಲವು ಹಸಿ ಕಾಳುಗಳಲ್ಲಿ ಆ ಟ್ರಿಪ್ಸಿನ್‌ಗೆ ಅಡ್ಡ ನಿಲ್ಲುವ ವಸ್ತುಗಳಿವೆ. ಕಾಳಿನಲ್ಲಿ ಸತ್ವವಿದ್ದರೂ ಹಸಿಯಾಗಿ ತಿಂದರೆ ಅದು ಮೈಗೆ ಹತ್ತುವುದಿಲ್ಲ. ಬೇಯಿಸಿದಾಗ ಆ ಅಡ್ಡಿಯ ಬಹುಪಾಲು ಹೋಗುತ್ತದೆ. ಕಮಲಾ ಮತ್ತು ಅವರ ವಿದ್ಯಾರ್ಥಿಗಳು 1950ರ ದಶಕದಲ್ಲಿ ಈ ವಸ್ತುಗಳ ಮೇಲೆ ವಿವರವಾಗಿ ಕೆಲಸ ಮಾಡಿದರು. ನಮ್ಮ ಅವರೆಕಾಳು ಮತ್ತು ಡಬಲ್ ಬೀನ್ಸ್‌ನಿಂದ ಅದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ ಲೇಖನ 1955ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಕಾಳನ್ನು ನೆನೆಹಾಕಿ, ಚೆನ್ನಾಗಿ ಬೇಯಿಸಿ ಬಡಿಸುತ್ತಿದ್ದ ನಮ್ಮ ನಾನಿ, ದಾದಿಯರಿಗೆ ಟ್ರಿಪ್ಸಿನ್ ಹೆಸರು ಗೊತ್ತಿರಲಿಲ್ಲ. ಆದರೆ ಅವರು ಮಾಡಿದ್ದು ಸರಿಯಾಗಿತ್ತೆಂದು ಪ್ರಯೋಗಾಲಯ ಸಾಕ್ಷಿ ಹೇಳಿತು.

ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದ್ ಅವರ ಸಲಹೆಯಂತೆ ಕೈಗೊಂಡ ನೀರಾ ಸಂಶೋಧನೆ ಅವರಿಗೆ ಹೆಚ್ಚಿನ ಹೆಸರು ತಂದಿತು. ತಾಳೆಮರದಿಂದ ಇಳಿಸಿದ ತಾಜಾ ಸಿಹಿರಸವೇ ನೀರಾ. ಅದನ್ನು ಹುಳಿಯಾಗದಂತೆ ತಂಪಿನಲ್ಲಿಡಬೇಕು. ಬಿಸಿಲೇರುವವರೆಗೆ ಬಿಟ್ಟರೆ ಹುದುಗು ಬಂದು ಸಕ್ಕರೆ ಆಲ್ಕೊಹಾಲ್ ಆಗುತ್ತದೆ, ಶೇಂದಿಯಾಗುತ್ತದೆ. ಹಲಾಲ್ ಆದದ್ದು ಹರಾಮ್ ಆಗುವ ಆ ಕೆಲವು ಗಂಟೆಗಳ ನಡುವೆ ನಡೆಯುವುದು ಒಂದು ರಾಸಾಯನಿಕ ಕ್ರಿಯೆ ಎಂಬುದನ್ನು ನಮ್ಮ ಮದರಸಾದ ಮಕ್ಕಳಿಗೂ ಹೇಳಿಕೊಡಬಹುದು. ತಾಜಾ ನೀರಾದಲ್ಲಿ ಜೀವಸತ್ವಗಳೂ ಕಬ್ಬಿಣದ ಅಂಶವೂ ಇವೆಯೆಂದು ಕಮಲಾ ಅವರ ತಂಡ ಕಂಡುಕೊಂಡಿತು. ಪೌಷ್ಟಿಕ ಆಹಾರದ ಕೊರತೆಯಿದ್ದ ಬುಡಕಟ್ಟಿನ ಹದಿಹರೆಯದ ಮಕ್ಕಳಿಗೆ, ಗರ್ಭಿಣಿಯರಿಗೆ ಅದನ್ನು ಕೊಟ್ಟಾಗ ಆರೋಗ್ಯ ಸುಧಾರಿಸಿತು. ಈ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಮುಂಬಯಿಯ ಆರೇ ಹಾಲಿನ ಯೋಜನೆಗೂ ಗುಣಮಟ್ಟದ ಬಗ್ಗೆ ಅವರು ಸಲಹೆ ನೀಡಿದರು.

ಇಷ್ಟೆಲ್ಲ ಆದರೂ ಅದೇ ವಿಜ್ಞಾನ ಸಂಸ್ಥೆಯ ನಿರ್ದೇಶಕ ಸ್ಥಾನ ಅವರಿಗೆ ಸಲ್ಲಬೇಕಾದ ಕಾಲಕ್ಕೆ ಸಲ್ಲಲಿಲ್ಲ. ನಾಲ್ಕು ವರ್ಷ ಕಾಯಿಸಿದ ಮೇಲೆ ಕೊಟ್ಟರು. 1933ರಲ್ಲಿ ಬಾಗಿಲಲ್ಲಿ ನಿಲ್ಲಿಸಿದ ಮನೋಭಾವ ಮೂರು ದಶಕಗಳ ನಂತರವೂ ಪೂರ್ತಿ ಸತ್ತಿರಲಿಲ್ಲ. ಓದಿಸಿದ ಮಾತ್ರಕ್ಕೆ ಎಲ್ಲ ಸುಗಮವಾಗುತ್ತದೆಂದು ನಾವು ಮಕ್ಕಳಿಗೆ ಸುಳ್ಳು ಭರವಸೆ ಕೊಡಬಾರದು ಎಂಬ ಕಾರಣಕ್ಕೆ ಇದನ್ನು ಬರೆದೆ. ಇಂದು ಪರಿಸ್ಥಿತಿ ಅಷ್ಟು ಕಠಿಣವಾಗಿಲ್ಲ ಎಂಬುದೂ ಸತ್ಯ. ಗುಲ್ಬರ್ಗಾ ವಿಶ್ವವಿದ್ಯಾಲಯ 1980ರಿಂದ ನಮ್ಮ ಭಾಗದಲ್ಲೇ ಇದೆ. ಬೀದರ್-ಕಲಬುರಗಿ ರೈಲು ಮಾರ್ಗ 2017ರಲ್ಲಿ ತೆರೆಯಿತು; ಬೆಳಿಗ್ಗೆ ಹೊರಟ ತಂದೆ ಮಗಳ ಹಾಸ್ಟೆಲ್ ನೋಡಿಕೊಂಡು ಸಂಜೆಗೆ ಮನೆಗೆ ಬರಬಹುದು. ಮುಂಬಯಿಯ ಹುಡುಗಿ ಬೆಂಗಳೂರಿನ ರಾತ್ರಿಯ ಪ್ರಯೋಗಾಲಯದಲ್ಲಿ ಒಂಟಿಯಾಗಿ ಕೆಲಸ ಮಾಡಿದ ಕಾಲಕ್ಕೆ ಹೋಲಿಸಿದರೆ ನಮ್ಮ ಹುಡುಗಿಯರ ಹಾದಿ ಎಷ್ಟೋ ಮೇಲು. ದೂರದ ನೆಪ ಇನ್ನು ಹೆಚ್ಚು ದಿನ ನಡೆಯುವುದಿಲ್ಲ.

ನಿವೃತ್ತಿಯ ನಂತರವೂ ಕಮಲಾ ತಮ್ಮ ವಿದ್ಯೆಯನ್ನು ಮೂಲೆಗೆ ಇಡಲಿಲ್ಲ. ಮುಂಬಯಿಯಲ್ಲಿ 1966ರಲ್ಲಿ ಸ್ಥಾಪನೆಯಾದ ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘದ ಕೆಲಸದಲ್ಲಿ ತೊಡಗಿ, 1982-83ರಲ್ಲಿ ಅದರ ಅಧ್ಯಕ್ಷೆಯಾದರು. ಸಂಘದ ಕೀಮತ್ ಎಂಬ ಪತ್ರಿಕೆಯಲ್ಲಿ ಗ್ರಾಹಕರ ಸುರಕ್ಷತೆಯ ಬಗ್ಗೆ ಸಾಮಾನ್ಯ ಗೃಹಿಣಿಗೂ ತಿಳಿಯುವಂತೆ ಬರೆದರು. ಕೇಂಬ್ರಿಜ್‌ನ ಪಿಎಚ್.ಡಿ. ಅಡುಗೆಮನೆಗೆ ಬಂದದ್ದು ಹೀಗೆ. ಓದಿದ ಹುಡುಗಿ ಅಡುಗೆಮನೆ ಮರೆಯುತ್ತಾಳೆ ಎಂದು ಹೆದರುವವರು ಇದನ್ನೂ ಗಮನಿಸಲಿ.

ಇಷ್ಟು ಕೆಲಸ ಮಾಡಿದವರ ಹೆಸರು ಬಹುಕಾಲ ಹೊರಗೆ ಹೆಚ್ಚಾಗಿ ಕೇಳಿಬರಲಿಲ್ಲ. ಕೊನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅವರನ್ನು ದೆಹಲಿಗೆ ಕರೆಸಿ ಸನ್ಮಾನಿಸಲು ಏರ್ಪಾಡು ಮಾಡಿತು. 1998ರ ಮಾತು ಅದು. ಅವರ ವಯಸ್ಸು ಎಂಬತ್ತೈದು ದಾಟಿತ್ತು. ಸಭೆಯಲ್ಲೇ ಕಮಲಾ ಕುಸಿದರು, ಕೆಲವೇ ಸಮಯದಲ್ಲಿ ತೀರಿಕೊಂಡರು. 2023ರ ಜೂನ್ 18ರಂದು, ಅವರ ಜನ್ಮದಿನದಂದು, ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತು. ಬೇಳೆಕಾಳುಗಳ ನಡುವೆ ಸೂಕ್ಷ್ಮದರ್ಶಕದ ಮುಂದೆ ಕುಳಿತ ಆ ಅಜ್ಜಿ ಯಾರು ಎಂದು ಅನೇಕ ಮಕ್ಕಳು ಅಂದು ಮೊದಲ ಸಲ ಕೇಳಿದರು.